ಕಣ್ಣು ಮುಚ್ಚಿದ ಲೇಯರ್‌ಗಳು

ಜೂನ್ 3, ಬೆಳಿಗ್ಗೆ 10.30

ಸ್ಟುಡಿಯೋ ಕಂಪ್ಯೂಟರ್ ಮತ್ತೆ ಹ್ಯಾಂಗ್. ಮೌಸ್ ಆಡಿಸಿ ಬಾಣ ಅಲ್ಲಿಗೆ ತಲುಪುವಷ್ಟರಲ್ಲಿ ಒಂದು ಚಹಾ ಮುಗಿಯುತ್ತದೆ. ಹಾಡು ಬಂದ್ ಮಾಡಿದೆ. ಉಳಿದ ಫೈಲೆಲ್ಲ ಮುಚ್ಚಿದೆ. ಅಂಡೂ ಐವತ್ತು ಹೆಜ್ಜೆ ಇದ್ದದ್ದನ್ನು ಒಂದಕ್ಕೆ ಇಳಿಸಿದೆ. ಹಿಂದೆ ಹೋಗುವ ದಾರಿ ಬೇಕಾಗುವುದು ತಪ್ಪು ಮಾಡುವವರಿಗೆ. ನನಗೇಕೆ?

ಇದು ಅಕ್ಕ ಕೊಟ್ಟ ಕೆಲಸ. ಅವಳೂ ಭಾವನೂ ಕೂತ ಫೋಟೋ, ನಡುವೆ ಜಾಗ ಬಿಟ್ಟು ತೆಗೆದದ್ದು. ಆ ಜಾಗದಲ್ಲಿ ಪುಟ್ಟಿ ನಿಲ್ಲಬೇಕು — ಆರು ವರ್ಷಕ್ಕೇ ಜ್ವರದಲ್ಲಿ ಹೋದ ಅವರ ಮಗಳು. ಆದರೆ ಮೂವತ್ತರ ಹೆಂಗಸಾಗಿ. ಇದ್ದಿದ್ದರೆ ಈಗ ಅಷ್ಟು. ಗೋಡೆಯಷ್ಟು ದೊಡ್ಡ ಪ್ರಿಂಟು. ಭಾವ ಬೇಡವೆಂದರು. ಅಕ್ಕ ಕೇಳಲಿಲ್ಲ, ದೊಡ್ಡವಳಾದ ಮಗಳನ್ನು ಒಮ್ಮೆ ನೋಡದೆ ಕಣ್ಣು ಮುಚ್ಚುವುದಿಲ್ಲವಂತೆ.

ನಾನು ಓದಿದ್ದು ಊರ ಶಾಲೆ, ಏಳನೇ ಕ್ಲಾಸು. ಆದರೆ ಫೋಟೋದಲ್ಲಿ ಸತ್ತವರನ್ನು ಬದುಕಿದವರ ಪಕ್ಕ ನಿಲ್ಲಿಸುವುದರಲ್ಲಿ ನನ್ನನ್ನು ಮೀರಿಸಿದವನು ಈ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ಅಕ್ಕನ ಹಣೆ, ಭಾವನ ಮೂಗು, ನನ್ನ ತುಂಟ ನಗು — ಸೇರಿಸಿ ಮುಖ ಮಾಡಿದ್ದೇನೆ. ಆ ಮೂಗನ್ನು ಬೇರೆಯವರ ಮಗಳಿಗೆ ಕೂರಿಸಿದರೆ ಜಗಳಕ್ಕೆ ಬರುತ್ತಾರೆ. ಇವಳಿಗೆ ಒಪ್ಪಿತು.

ಜೂನ್ 4, ಮಧ್ಯಾಹ್ನ 3

ಊಟಕ್ಕೆ ಹೋಗುವಾಗ ಫೈಲು ಎರಡು ಜಿಬಿ. ಬಂದಾಗ ಮೂರೂವರೆ. ಅಂಗಡಿಗೆ ಬೀಗ ಹಾಕಿತ್ತು, ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು...

ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ರ್‍ಯಾಮ್ ಹಾಕಿಸಿ ಎನ್ನುವ ಹಳೇ ರಾಗ ಎಳೆದ. ಆಮೇಲೆ ತಲೆ ಕೆರೆದುಕೊಂಡು, ಅಡಗಿಸಿಟ್ಟ ಲೇಯರ್‌ಗಳು ತುಂಬಾ ಇವೆ, ಬೇಡದ್ದು ತೆಗೆಯಿರಿ ಎಂದು ಹೇಳಿ ಹೋದ. ನನಗೇ ಪಾಠ. ಲೇಯರ್ ಎಂದರೆ ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಕಣ್ಣಿನ ಗುರುತು ಮುಚ್ಚಿದರೆ ಚಿತ್ರ ಕಾಣದು, ಭಾರ ಮಾತ್ರ ಇದ್ದೇ ಇರುತ್ತದೆ.

ಇಪ್ಪತ್ಮೂರು ಇದ್ದವು. ಹೆಸರು ಏಳು, ಎಂಟು, ಒಂಬತ್ತು — ಹೀಗೆ ಇಪ್ಪತ್ತೊಂಬತ್ತರವರೆಗೆ. ನನ್ನವೇ ಹಳೆಯ ಪ್ರಯತ್ನಗಳು ಅಂದುಕೊಂಡೆ. ನೋಡದೆ ಒಂದೊಂದೇ ಡಿಲೀಟ್ ಮಾಡುತ್ತ ಬಂದೆ. ಹದಿನೈದರವರೆಗೆ. ಸೇವ್ ಮಾಡಿದೆ. ಯಂತ್ರ ಹಗುರವಾಯಿತು. ಹದಿನಾರಕ್ಕೆ ಬೆರಳು ತಪ್ಪಿ ಕಣ್ಣು ತೆರೆಯಿತು.

ಪುಟ್ಟಿ. ಹದಿನಾರರ ಪುಟ್ಟಿ. ಎರಡು ಜಡೆ. ಯಾರೋ ಬಲವಂತಕ್ಕೆ ನಿಲ್ಲಿಸಿದ ಹಾಗೆ ಮುಖ ಊದಿಸಿಕೊಂಡಿದ್ದಾಳೆ. ಮೂಗಿನ ತುದಿಯಲ್ಲಿ ಮೊಡವೆ.

ನಾನು ಮೊಡವೆ ತೆಗೆಯುವವನು. ಹಾಕುವವನಲ್ಲ.

ಉಳಿದವನ್ನೂ ತೆರೆದೆ. ವರ್ಷಕ್ಕೊಬ್ಬಳು. ಅಂಡೂ ಒತ್ತಿದೆ. ಹದಿನೈದು ಮಾತ್ರ ಮರಳಿತು. ಮತ್ತೆ ಒತ್ತಿದೆ, ಮತ್ತೆ ಮತ್ತೆ... ಎಂಟು ವರ್ಷ ಹೋಯಿತು. ನನ್ನ ಕೈಯಾರೆ.

ಜೂನ್ 7, ಮಧ್ಯಾಹ್ನ 2.15

ಎರಡು ದಿನ ಅಂಗಡಿ ತೆರೆಯಲಿಲ್ಲ. ಬೆನ್ನು ನೋವು ಎಂದೆ.

ಇವತ್ತು ಬಾಗಿಲು ಎತ್ತುವಾಗಲೇ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಕರೆದು ಕಂಪ್ಯೂಟರ್ ಹಚ್ಚಿದೆ. ತೋರಿಸಿದೆ. ಅವಳು ಬೆಚ್ಚಲಿಲ್ಲ. ಕುರ್ಚಿ ಎಳೆದುಕೊಂಡು ಒಬ್ಬೊಬ್ಬಳನ್ನೇ ನೋಡಿದಳು. ಇಪ್ಪತ್ತೆರಡರಲ್ಲಿ ತೀರಾ ಇಳಿದುಹೋಗಿದ್ದಾಳೆ, ಊಟ ಸರಿ ಮಾಡುತ್ತಿರಲಿಲ್ಲವೇನೋ ಎಂದು ಗೊಣಗಿದಳು. ಆಮೇಲೆ ಕೇಳಿದಳು.

"ಏಳರಿಂದ ಹದಿನಾಲ್ಕು ಎಲ್ಲಿ ಕಣೋ?"

"ಅಳಿಸಿಬಿಟ್ಟೆ ಅಕ್ಕ. ಕಂಪ್ಯೂಟರ್ ನಿಧಾನ ಆಗ್ತಿತ್ತು."

"ಅಷ್ಟು ಅವಸರ ಏನಿತ್ತು ನಿನಗೆ?"

ಅಷ್ಟೇ. ಬೈದಿದ್ದರೆ ಬದುಕುತ್ತಿದ್ದೆ.

ಅಷ್ಟರಲ್ಲಿ ಪರದೆ ಬಿಳಿಚಿತು. ಮೆಮರಿ ಸಾಲದು, ಏನಾದರೂ ತೆಗೆಯದೆ ಸೇವ್ ಆಗದು ಎಂಬ ಎಚ್ಚರಿಕೆ. ಅತಿ ಭಾರ ಯಾವುದೆಂದು ಅಕ್ಕ ಕೇಳಿದಳು. ಅಕ್ಕನದೇ ಲೇಯರ್. ಸುಕ್ಕು ತಿದ್ದಿ ತಿದ್ದಿ ನಾನೇ ಭಾರ ಮಾಡಿದ್ದೆ.

"ಹಾಗಾದ್ರೆ ನನ್ನನ್ನ ತೆಗಿ."

"ಬೇಡ ಅಕ್ಕ."

"ಅವಳದ್ದು ಇನ್ನೊಂದು ವರ್ಷಾನೂ ಮುಟ್ಟಬೇಡ. ನನ್ನನ್ನ ತೆಗಿಯೋ."

ತೆಗೆದೆ. ಮೂಲ ಫೋಟೋ ಬೇರೆ ಇದೆ, ನಾಳೆ ಮತ್ತೆ ಕೂರಿಸಿದರಾಯಿತು. ಕ್ಷಣದಲ್ಲಿ ಸೇವ್ ಆಯಿತು. ಎರಡು ಜಿಬಿ. ಅಕ್ಕ ಹವಳದ ಉಂಗುರದ ಕೈಯಿಂದ ನನ್ನ ತಲೆ ಸವರಿ ಹೊರಟಳು. ತಿರುವಿನವರೆಗೂ ನೋಡಿದೆ. ಮಂಡಿ ನೋವಿನವಳು, ಹುಡುಗಿಯ ಹಾಗೆ ನಡೆದಳು.

ಅದೇ ದಿನ, ಸಂಜೆ 5.20

ಅಕ್ಕ ಮನೆ ಮುಟ್ಟಿಲ್ಲ. ಹತ್ತು ನಿಮಿಷದ ದಾರಿ. ಭಾವ ಬೀದಿ ಬೀದಿ ಹುಡುಕುತ್ತಿದ್ದಾರೆ. ನಾನೂ ಎರಡು ಸುತ್ತು ಹೋಗಿ ಬಂದೆ.

ಅವಳನ್ನು ವಾಪಸು ಕೂರಿಸಬೇಕು. ಈಗಲೇ. ಫೈಲು ತೆರೆಯುತ್ತಿದೆ, ತುಂಬಾ ನಿಧಾನ, ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ. ಎರಡು ಜಿಬಿ ಇದ್ದದ್ದು ಐದು ಆಗಿದೆ.

ತೆರೆಯಿತು. ಎಂಟು ಹೊಸ ಲೇಯರ್. ಏಳು, ಎಂಟು... ಹದಿನಾಲ್ಕು.

ಏಳರ ಕಣ್ಣು ತೆರೆದೆ. ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ. ನಗುತ್ತಿದ್ದಾಳೆ. ಹಿಂದೆ ಯಾರೋ ಕೂತು ಅವಳ ಜಡೆ ಹೆಣೆಯುತ್ತಿದ್ದಾರೆ. ಮುಖ ಕಾಣದು. ಕೈ ಮಾತ್ರ. ಹವಳದ ಉಂಗುರ ಮಾತ್ರ.

ಭಾವ ಬಂದರು, ಬಾಗಿಲು ಬಡಿಯುತ್ತಿದ್ದಾರೆ. ಸಿಕ್ಕಳಾ ಎಂದು ಕೇಳುತ್ತಾರೆ. ಅವರಿಗೆ ಏನೆಂದು