ಕಲ್ಲಿನ ಮೇಲೆ ಒಂದು ಚಕ್ರ

ಜೂನ್ 9, ಸೋಮವಾರ

ಶಾಲೆಗೆ ಐದು ನಿಮಿಷ ತಡ. ಇವತ್ತೂ ಅದೇ. ಇಂಡಿ ಬಿಟ್ಟು ಡಾಂಬರು ಇರುವವರೆಗೆ ಕಾರಿನದ್ದು ತಕರಾರಿಲ್ಲ. ತಾಂಬಾ ಒಳರಸ್ತೆಗೆ ಇಳಿದರೆ ಸಾಕು, ಹಿಂಬದಿ ಎಡಕ್ಕೆ ಸರಿಯುತ್ತದೆ. ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ದರೂ. ಯಾರೋ ಪಕ್ಕದಿಂದ ನೂಕಿದ ಹಾಗೆ. ಸ್ಪೀಡು ನಲವತ್ತೂ ಇರಲಿಲ್ಲ. ತಗೊಂಡು ಇನ್ನೂ ಎರಡು ತಿಂಗಳು. ಸೆಕೆಂಡ್ ಹ್ಯಾಂಡ್ ನಿಜ, ಆದರೆ ಬಸಂತರಾಯ ಭಾವ ತಾವೇ ಆರಿಸಿ ಕೊಟ್ಟದ್ದು. ನನ್ನ ಗಂಡ ಕಲ್ಮೇಶರ ಅಣ್ಣ. ಸಿಂದಗಿಯಲ್ಲಿ ಹಳೇ ಕಾರುಗಳ ವ್ಯಾಪಾರವೇ ಅವರದು.

ಜೂನ್ 11, ಬುಧವಾರ

ಕಲ್ಮೇಶ ಓಡಿಸಿ ನೋಡಿದರು. ಹೈವೇ ಮೇಲೆ, ಎಂಬತ್ತರಲ್ಲಿ. ಏನೂ ಇಲ್ಲ.

"ಗಾಡಿಗೆ ಏನೂ ಆಗಿಲ್ಲ ವಿಜೂ. ತಗ್ಗು ಕಂಡ ಕೂಡ್ಲೆ ನೀ ಅಂಜತಿ, ಕೈ ಅಳ್ಳಾಡತಾವು."

ಇರಬಹುದು. ಲೈಸೆನ್ಸ್ ಬಂದು ಒಂದು ವರ್ಷ ಅಷ್ಟೆ.

ಜೂನ್ 14, ಶನಿವಾರ

ಶಾಲೆ ಬಿಟ್ಟು ನೇರ ರಮಜಾನ ಚಾಚಾರ ಗ್ಯಾರೇಜಿಗೆ. ಕಾರಿನ ನಾಲ್ಕೂ ಮೂಲೆ ಒತ್ತಿ ಬಿಟ್ಟು ನೋಡಿದರು, ಎಷ್ಟು ಸಲ ಕುಣಿಯುತ್ತದೆ ಎಂದು. ಟೈರಿನ ಗಾಳಿ, ಬುಶ್, ಅಲೈನ್‌ಮೆಂಟ್... ಎಲ್ಲ ಸರಿ. ಹಿಂದಿನ ಎಡ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿತ್ತು. ಎರಡೂ ಬದಿಯದು ಬದಲಾಯಿಸಿದರು.

"ಇದ ಇರಬೇಕ್ರಿ ಅಕ್ಕೋರ."

ಅಂದರೆ ತಪ್ಪು ನನ್ನ ಕೈಯದ್ದಲ್ಲ. ಮನೆಗೆ ಬರುವಾಗ ರೇಡಿಯೊ ಹಾಕಿಕೊಂಡೆ.

ಜೂನ್ 16, ಸೋಮವಾರ

ಅದಲ್ಲ. ಬೆಳಿಗ್ಗೆ ಮಳೆ ನೀರು ನಿಂತ ತಗ್ಗಿನಲ್ಲಿ ಹಿಂಬದಿ ಜಾರಿತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜಿ. ನಡುವೆ ಒಂದು ಮೊಳ ಉಳಿದಿತ್ತು, ಅಷ್ಟೆ. ಅವಳು ನಿಂತು ನನ್ನನ್ನು ನೋಡಿದಳು. ಮೊದಲ ಪಿರಿಯಡ್ ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕೂತುಬಿಟ್ಟೆ.

ಜೂನ್ 18, ಬುಧವಾರ, ಸಂಜೆ

ಚಾಚಾ ಪಕ್ಕದಲ್ಲಿ ಕೂತು ತಾಂಬಾ ರಸ್ತೆಗೇ ಬಂದರು. ಹೋಗುವಾಗ ಮೊಮ್ಮಕ್ಕಳ ವಿಷಯ ಮಾತಾಡಿದರು. ಬರುವಾಗ ಪ್ರತಿ ತಗ್ಗಿಗೂ ಹಿಂದೆ ತಿರುಗಿ ನೋಡಿದರು.

ಗ್ಯಾರೇಜಿನಲ್ಲಿ ಒಂದು ದಪ್ಪ ಕಲ್ಲು ಇಟ್ಟು ಹಿಂದಿನ ಎಡ ಚಕ್ರ ಅದರ ಮೇಲೆ ಹತ್ತಿಸಿದರು. "ಈಗ ಹಿಂದಿನ ಬಾಗ್ಲಾ ಹಾಕ್ರಿ."

ಹಾಕಿದೆ. ಕೂಡಲಿಲ್ಲ. ಜೋರಾಗಿ ಎಳೆದರೂ ಇಲ್ಲ. ಕಲ್ಲಿನಿಂದ ಇಳಿಸಿದರು... ಟಕ್ಕನೆ ಕೂಡಿತು.

ಸೀಟು ಬಿಚ್ಚಿ ಮ್ಯಾಟ್ ಎತ್ತಿದರು. ನೆಲದ ತಗಡಿನಲ್ಲಿ ಈ ಬದಿಯಿಂದ ಆ ಬದಿಗೆ ವೆಲ್ಡಿಂಗ್ ಗೆರೆ. ಮೇಲೆ ಕಪ್ಪು ಬಣ್ಣ. ಒಂದು ಕಡೆ ಬಿರುಕು, ನನ್ನ ಕಿರುಬೆರಳಿನಷ್ಟು.

"ಇದು ಒಂದು ಗಾಡಿ ಅಲ್ರಿ ಅಕ್ಕೋರ, ಎರಡು. ಆಕ್ಸಿಡೆಂಟ್ ಆಗಿದ್ದ ಒಂದರ ಮುಂದಿನ ಅರ್ಧ, ಇನ್ನೊಂದರ ಹಿಂದಿನ ಅರ್ಧ. ಸಪಾಟ ರೋಡಿನ್ಯಾಗ ತಿಳಿಯಂಗಿಲ್ಲ. ತಗ್ಗಿನ್ಯಾಗ ಮುಂದಿಂದು ಒಂದು ಕಡೆ, ಹಿಂದಿಂದು ಒಂದು ಕಡೆ ತಿರಗತೈತಿ."

"ರಿಪೇರಿ ಆಗಂಗಿಲ್ಲೇನ್ರಿ?"

"ನಾ ಅಂತೂ ಮಾಡಂಗಿಲ್ರಿ. ಇದರಾಗ ಯಾರನ್ನೂ ಕುಂಡ್ರಿಸಬ್ಯಾಡ್ರಿ. ವೆಲ್ಡಿಂಗ್ ಯಾವತ್ತು ಬಿಡತೈತಿ ಹೇಳಾಕ ಬರಂಗಿಲ್ಲ."

ಜುಲೈ 1, ಮಂಗಳವಾರ

ಬಸ್ಸಿನಲ್ಲೇ ಶಾಲೆಗೆ ಹೋಗಿಬರುವುದು. ಕಾರು ಅಂಗಳದಲ್ಲಿ, ಮೇಲೆ ತಾಡಪಾಲು. ಕಲ್ಮೇಶ ಅಣ್ಣನ ಹತ್ತಿರ ಮಾತಾಡಿದ್ದಾರೆ. ಏನೆಂದು ನನಗೆ ಹೇಳಲಿಲ್ಲ.

ಇವತ್ತು ಭಾವನೇ ಬಂದರು. ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಚಹಾ ಕುಡಿದು ಕಪ್ ಕೆಳಗಿಟ್ಟರು.

"ನೀ ಚಿಂತಿ ಬಿಡು ತಂಗೀ. ಗಿರಾಕಿ ಬಂದಾರ, ಬಸವನ ಬಾಗೇವಾಡಿ ಕಡೆಯವ್ರು. ಅವರಿಗೆ ದಾಟಿಸಿಬಿಡ್ತೇನಿ."

"ಅವರೂ ಅದರಾಗ ಕುಂಡ್ರಾವ್ರ ಅಲ್ಲೇನ್ರಿ?"

ಭಾವ ನಕ್ಕರು. ಕಲ್ಮೇಶ ಎದ್ದು ಒಳಗೆ ಹೋದರು. ಆಮೇಲೆ ನಾನು ಕಂಪ್ಲೇಂಟಿನ ಮಾತೆತ್ತಿದಾಗ ನನ್ನ ಹತ್ತಿರ ಬಂದು — "ಅಪ್ಪ ಹೋದ ಮ್ಯಾಲ ನನ್ನ ಓದಿಸಿದಾಂವ ಅವ. ಅವನ್ನ ಪೊಲೀಸ್ ಸ್ಟೇಷನ್ ಮೆಟ್ಲ ಹತ್ತಸ್ಲೇನು?"

ನಾನೂ ಸುಮ್ಮನಾದೆ.

ಜುಲೈ 6, ಭಾನುವಾರ, ಸಂಜೆ 4:20

ಬಂದರು. ಮಸೂತಿ ಊರಿನ ಸುನೀಲಕುಮಾರ, ಹೆಂಡತಿ ಸಂಘಮಿತ್ರಾ, ನಾಲ್ಕು ವರ್ಷದ ಮಗಳು. ಸಂಘಮಿತ್ರಾಗೆ ಮುದ್ದೇಬಿಹಾಳದಲ್ಲಿ ನರ್ಸ್ ಕೆಲಸ. ಡ್ಯೂಟಿ ಮುಗಿಯುವ ಹೊತ್ತಿಗೆ ಬಸ್ಸಿಲ್ಲ, ಅದಕ್ಕೇ ಕಾರು. ಗಂಡಸರು ಹೈವೇ ಮೇಲೆ ಓಡಿಸಿ ಬಂದರು. "ಮಸ್ತ್ ಐತ್ರಿ ಗಾಡಿ!" ಎಂದರು ಸುನೀಲಕುಮಾರ.

ನನ್ನ ಬಾಯಿಗೆ ಎಲ್ಲ ಬಂತು. ವೆಲ್ಡಿಂಗ್, ಬಿರುಕು, ಎಲ್ಲ. ಕಲ್ಮೇಶ ನನ್ನ ಕಡೆ ನೋಡಿದರು. ನಾನು ಹೇಳಿದ್ದು ಇಷ್ಟು — "ತಾಂಬಾ ಒಳರಸ್ತೆ ಮ್ಯಾಲೂ ಒಮ್ಮೆ ಓಡಿಸಿ ನೋಡ್ರಿ."

ಅವರಿಗೇ ತಿಳಿಯಲಿ, ನನ್ನ ಬಾಯಿಂದ ಬೇಡ ಎಂದು.

ಭಾವನ ಮುಖ ಬಿಗಿಯಿತು. ಒಲ್ಲೆ ಎಂದರೆ ಸಂಶಯ ಬರುತ್ತದಲ್ಲ, ಹತ್ತಿ ಸುನೀಲಕುಮಾರರ ಪಕ್ಕದಲ್ಲಿ ಕೂತರು. ಮಗು ಆಗಲೇ ಹಿಂದಿನ ಸೀಟಿನಲ್ಲಿತ್ತು. ಓಡಿಹೋಗಿ ಎತ್ತಿಕೊಂಡೆ. "ಬಾ, ಬಿಸ್ಕಿಟ್ ಕೊಡ್ತೇನಿ." ಅತ್ತಿತು. ಕೈಕಾಲು ಬಡಿಯಿತು. ಬಿಡಲಿಲ್ಲ.

ಕಾರು ಹೋಯಿತು.

5:40

ಬಂದಿಲ್ಲ. ಅರ್ಧ ಗಂಟೆಯ ದಾರಿ. ಭಾವನ ಫೋನ್ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಕಲ್ಮೇಶ ಬೈಕ್ ತಗೊಂಡು ಹೋದರು. ಹಾಲ್‌ನಲ್ಲಿ ಸಂಘಮಿತ್ರಾ ಮಗಳಿಗೆ ಚಹಾದಲ್ಲಿ ಅದ್ದಿ ಬಿಸ್ಕಿಟ್ ತಿನ್ನಿಸುತ್ತಿದ್ದಾಳೆ. ನಾನು ಅಡುಗೆಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಜುಲೈ 7, ಸೋಮವಾರ

ವಿಜಯಪುರ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೇನೆ.

ತಗ್ಗು ದಾಟುವಾಗ ಕಾರು ನಡುವೆ ಬಿಟ್ಟುಕೊಂಡು ಬೇವಿನ ಮರಕ್ಕೆ ಬಡಿದಿದೆ. ಭಾವ ಅಲ್ಲೇ ತೀರಿಹೋದರು. ಸುನೀಲಕುಮಾರ ಬದುಕಿದ್ದಾರೆ. ಸೊಂಟದಿಂದ ಕೆಳಗೆ ಮುಟ್ಟಿದರೆ ತಿಳಿಯುತ್ತಿಲ್ಲ ಎಂದರು ಡಾಕ್ಟರು. ಕಲ್ಮೇಶ ಪೊಲೀಸರಿಗೆ ಹೇಳುತ್ತಿದ್ದದ್ದು ಕೇಳಿಸಿತು. "ನಮಗೇನೂ ಗೊತ್ತಿರಲಿಲ್ರಿ." ಅತ್ತು ಅತ್ತು ಅವರ ದನಿ ಕೂತುಹೋಗಿದೆ. ನನ್ನ ಕಡೆ ತಿರುಗಲಿಲ್ಲ.

ಸ್ವಲ್ಪ ಮೊದಲು ಒಳಗೆ, ಸಂಘಮಿತ್ರಾ ಬಂದು ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ತೊಡೆಯ ಮೇಲೆ ಮಗು, ನಿದ್ದೆಯಲ್ಲಿ. ಅದರ ಕೂದಲು ಸರಿಮಾಡಿದಳು. ಆಮೇಲೆ, ಜೋರಾಗಿ ಏನಲ್ಲ —

"ಅಕ್ಕೋರ, ಪಾಪೂನ ಇಳಿಸಿಕೊಂಡ್ರಿ. ಅವರನ್ನ ಯಾಕ ಇಳಿಸಲಿಲ್ರಿ?"

ನೀರು ತರುತ್ತೇನೆಂದು ಎದ್ದು ಬಂದೆ. ಬಾಟಲಿ ತುಂಬಿ ಅರ್ಧ ಗಂಟೆಯಾಯಿತು. ಒಳಗೆ ಹೋಗಬೇಕು. ಮೊದಲು ಅವಳಿಗೆ ಹೇಳಬೇಕು, ಆಮೇಲೆ ಪೊಲೀಸರಿಗೆ. ಜೂನ್ ಹದಿನೆಂಟರಿಂದ ನನಗೆ ಗೊತ್ತಿತ್ತು ಎಂದು.