ನಿಮ್ಮ ಗೋಡೆಗೆ ನಾನೇ ಹಚ್ಚಿದ ಡಾಂಬರು

ಮನೆಯವರಿಗೆ ಪಾರ್ವತಿಯ ಶರಣು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ, ಏಕೆಂದರೆ ನೀವು ಬಿಟ್ಟುಹೋದ ಪಾರ್ವತಿ ಈಗ ಇಲ್ಲ. ಖಾನಾಪುರದ ಪೇಟೆ ಬೀದಿಯ ದೊಡ್ಡ ಮನೆಗೆ ನಾನು ಯಜಮಾನಿ. ಸೊಸೆಯಂದಿರು ನಾನು ಕೂತ ಮೇಲೆ ಕೂಡುತ್ತಾರೆ. ಬೆಳಗಾವಿಯಲ್ಲಿ ಹೈಸ್ಕೂಲು ಓದಿದವಳು. ಅದನ್ನು ನೀವು ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದಿರಿ, ಮನೆಯೊಳಗೆ ಬಂದ ಕೂಡಲೇ ಮರೆಯುತ್ತಿದ್ದಿರಿ. ಈಗ ನಾನು ಊರ ಮುನ್ಸಿಪಾಲಿಟಿಯ ಸದಸ್ಯೆ, ಕಾಮಗಾರಿ ಸಮಿತಿಯ ಮುಖ್ಯಸ್ಥೆ. ಈ ಊರಿನಲ್ಲಿ ಮೊದಲು ಏನು ಕಟ್ಟಬೇಕು, ಆಮೇಲೆ ಏನು, ಯಾವುದು ಬೇಡವೇ ಬೇಡ ಎಂಬುದು ನನ್ನ ಸಹಿ ಇಲ್ಲದೆ ತೀರ್ಮಾನವಾಗುವುದಿಲ್ಲ. ನಿಮ್ಮ ಕಮಾನಿನ ವಿಷಯ ಮಾತಾಡಬೇಕಾಗಿದೆ. ಸಮಾಧಾನದಿಂದ ಕೇಳಿ.

ನಿಮ್ಮ ಕೊನೆಯ ಬೇಸಿಗೆಯಲ್ಲಿ ಒಂದು ಸಂಜೆ ನನ್ನನ್ನು ಬೆಳಗಾವಿ ರಸ್ತೆಯ ತನಕ ನಡೆಸಿಕೊಂಡು ಹೋಗಿದ್ದಿರಿ. ಆಗ ನೀವೇ ಮುನ್ಸಿಪಾಲಿಟಿಯ ಅಧ್ಯಕ್ಷರು. ಹುಣಸೆ ಮರದ ಹತ್ತಿರ ನಿಂತು ಕೋಲಿನಿಂದ ಗಾಳಿಯಲ್ಲೇ ಗೆರೆ ಎಳೆದು ತೋರಿಸಿದಿರಿ. "ಇಲ್ಲೊಂದು ಕಂಬ, ಅಲ್ಲೊಂದು ಕಂಬ. ಮ್ಯಾಲ ಕಮಾನು. ಬೆಳಗಾವಿಯಿಂದ ಬಂದವ್ರಿಗೆ ಊರು ಸುರು ಆತು ಅಂತ ಗೊತ್ತಾಗಬೇಕು. ನಮ್ಮ ಹಿತ್ತಲ ಗೋಡಿ ಕಟ್ಟಿದ ಗೌಂಡಿನ್ನ ಕರಸ್ತೇನಿ. ಅಂಥಾ ಗೋಡಿ ಈ ಊರಾಗ ಇನ್ನೊಂದ ಐತೇನು?" ಇರಲಿಲ್ಲ. ಕರಿಕಲ್ಲಿನ ಆ ಗೋಡೆಯನ್ನು ಬಂದ ನೆಂಟರಿಗೆಲ್ಲ ನೀವು ಮುಟ್ಟಿಸಿ ತೋರಿಸುತ್ತಿದ್ದಿರಿ. ಕಮಾನಿನ ಮಾತಿಗೆ ನಾನು ಏನೂ ಅನ್ನಲಿಲ್ಲ. ನಾನು ಸುಮ್ಮನಿದ್ದರೆ ಒಪ್ಪಿದೆ ಎಂದೇ ನಿಮ್ಮ ಲೆಕ್ಕ, ಅಲ್ಲವೇ?

ನಿಮ್ಮ ವರ್ಷದ ಕಾರ್ಯ ಮುಗಿಸಿ ನಾವಿನ್ನೂ ಪಾತ್ರೆ ಒಳಗಿಟ್ಟಿರಲಿಲ್ಲ, ನಿಮ್ಮ ಗೆಳೆಯ ನೇಮಣ್ಣ ಬಂದರು. ಅದೇ ಬಟ್ಟೆ ಅಂಗಡಿಯ ನೇಮಣ್ಣ, ನಿಮ್ಮ ನಂತರ ಅಧ್ಯಕ್ಷರಾದವರು. ಜಗುಲಿಯ ಮೇಲೆ ಕೂತು ಬೆಲ್ಲದ ಚಹಾ ಕುಡಿದು ಮೆಲ್ಲಗೆ ಎತ್ತಿದರು. "ವೈನಿ, ಹೆಣ್ಮಕ್ಕಳ ಸೀಟು ಒಂದು ಖಾಲಿ ಐತಿ. ನೀವು ಬರ್ರಿ, ಕುಂದರ್ರಿ, ಒಂದು ಸಹಿ ಹಾಕ್ರಿ. ಭಾಳ ತ್ರಾಸಿಲ್ಲ." ನಾನು ಕೇಳಿದೆ, "ಓದಿ ಸಹಿ ಹಾಕೂದೋ, ಓದಲಾರದ ಹಾಕೂದೋ?" ಅವರು ನಕ್ಕರು. ಇದು ನಗೆಯ ಮಾತು ಎಂದುಕೊಂಡರು, ಪಾಪ.

ಸದಸ್ಯೆಯಾದೆ, ಕಾಮಗಾರಿ ಸಮಿತಿಯನ್ನೂ ನನಗೇ ಕೊಟ್ಟರು. ಮೊದಲ ದೊಡ್ಡ ಸಭೆಯ ದಿನ ನಾನು ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಮೇ ತಿಂಗಳ ಉರಿ, ಮೇಲೆ ಕಿರುಗುಟ್ಟುವ ಪಂಖ, ಮುಂದೆ ಚುರಮುರಿ. ಮುಂದಿನ ಕೆಲವು ವರ್ಷಗಳಲ್ಲಿ ಊರಿಗೆ ಯಾವ ಕಾಮಗಾರಿ ಮಾಡಬೇಕು ಎಂದು ಬರೆದು ಬೆಳಗಾವಿಗೆ ಕಳಿಸಬೇಕಿತ್ತು. ಮೇಲೆ ಬರೆದದ್ದು ಮೊದಲು ಆಗುತ್ತದೆ, ಕೆಳಗಿನದು ಉಳಿದರೆ ಉಳಿಯಿತು. ನೇಮಣ್ಣ ಎದ್ದುನಿಂತು ಗಂಟಲು ಸರಿಮಾಡಿಕೊಂಡು ಮೊದಲನೆಯದನ್ನು ಓದಿದರು: ದಿವಂಗತ ಅಧ್ಯಕ್ಷರ ಸ್ಮರಣಾರ್ಥ ಬೆಳಗಾವಿ ರಸ್ತೆಗೆ ಕಲ್ಲಿನ ಕಮಾನು. ಆಮೇಲೆ ಪೇಟೆ ಬೀದಿಗೆ ಡಾಂಬರು, ಸಂತೆ ಕಟ್ಟೆಗೆ ಚಪ್ಪರ, ಬೀದಿ ದೀಪ. ಕುಂಬಾರ ಗಲ್ಲಿಯ ಗಟಾರ ಎಲ್ಲಕ್ಕಿಂತ ಕೆಳಗೆ. ಓದಿ ಮುಗಿಸಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕೆಂದು ಕಾಯುತ್ತಿದ್ದರೆಂದು ಕಾಣುತ್ತದೆ. ನಾನು ಕೇಳಿದ್ದು ಒಂದೇ ಮಾತು. "ಇದನ್ನ ಮಾಡದಿದ್ರ ಏನ್ ಕೆಡತೈತಿ?"

ಆ ಮಾತು ಯಾರದೆಂದು ನಿಮಗೆ ಗೊತ್ತು. ನಿಮ್ಮ ಅವ್ವ ಆಷಾಢದಲ್ಲಿ ಮಳೆ ಹಿಡಿದ ಕೂಡಲೇ ಬಟ್ಟಲಿನಲ್ಲಿ ಸುಣ್ಣ ಕಲಸಿಕೊಂಡು ಮನೆಯೆಲ್ಲ ತಿರುಗುತ್ತಿದ್ದದ್ದನ್ನು ನೀವು ಚಿಕ್ಕಂದಿನಿಂದ ನೋಡಿದವರು. ಎಲ್ಲಿ ಹೆಂಚಿನಿಂದ ಹನಿ ಬಿತ್ತು, ಎಲ್ಲಿ ಗೋಡೆ ತೇವ ಎಳೆಯಿತು, ಎಲ್ಲಿ ಹೊಸ್ತಿಲ ಕೆಳಗೆ ನೀರು ಬಂತು, ಅಲ್ಲೆಲ್ಲ ಬೆರಳಿನಿಂದ ಒಂದು ಗುರುತು. ಬೇಸಿಗೆಯಲ್ಲಿ ಗೌಂಡಿ ಬಂದಾಗ ಆ ಗುರುತುಗಳೇ ಮಾತಾಡಬೇಕು, ಮನೆಯ ಗಂಡಸರಲ್ಲ. ನೀವು ಪಡಸಾಲೆಗೆ ಬಣ್ಣ ಹೊಡೆಸೋಣ ಎಂದರೆ ಅವರದು ಇದೇ ಪ್ರಶ್ನೆ. ಬಣ್ಣ ಹೊಡೆಸದಿದ್ದರೆ ಏನೂ ಕೆಡುವುದಿಲ್ಲ. ಅಡುಗೆಮನೆಯ ಹೆಂಚು ತಿರುವದಿದ್ದರೆ ಜೋಳ ಕೆಡುತ್ತದೆ. ಅಷ್ಟೇ ಅವರ ಶಾಸ್ತ್ರ. ಊರೂ ಒಂದು ಮನೆಯಲ್ಲವೇ? ನಾನು ಸಭೆಯಲ್ಲಿ ಹೇಳಿದೆ: ಬೇಸಿಗೆಯಲ್ಲಿ ಕೂತು ಬರೆದ ಈ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಮಳೆ ಬರಲಿ. ಎಲ್ಲರೂ ಊರು ತಿರುಗೋಣ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕೋಣ. ಆಮೇಲೆ ಬರೆಯೋಣ.

ಮೊದಲ ಸಲ ನಾವು ಹೊರಟದ್ದನ್ನು ನೀವು ನೋಡಬೇಕಿತ್ತು. ಸದಸ್ಯರೆಲ್ಲ ಧೋತರ ಎತ್ತಿ ಹಿಡಿದು, ಛತ್ರಿಗಳು ಗಾಳಿಗೆ ಮಗುಚಿ, ಮುಂದೆ ನಾನು ಸುಣ್ಣದ ಬಟ್ಟಲು ಹಿಡಿದು. ಮನೆಯೊಳಗೆ ಹಾಕಿದ ಸುಣ್ಣ ನಿಲ್ಲುತ್ತದೆ. ಬೀದಿಯಲ್ಲಿ? ನಾನು ಒಂದು ಗುರುತು ಹಾಕಿ ತಿರುಗುವುದರೊಳಗೆ ಅದು ತೊಳೆದುಹೋಗಿ ಬಿಳಿ ನೀರಾಗಿ ಹರಿಯುತ್ತಿತ್ತು. ಸಂತೆ ಕಟ್ಟೆ ಮುಟ್ಟುವ ಹೊತ್ತಿಗೆ ಹಿಂದೆ ನೋಡಿದರೆ ಒಂದು ಗುರುತೂ ಇಲ್ಲ. "ವೈನಿ, ಮುನ್ಸಿಪಾಲ್ಟಿ ಇಡೀ ಊರಿಗೆ ಸುಣ್ಣಾ ಬಳದಂಗಾತು ನೋಡ್ರಿ," ಎಂದರು ನೇಮಣ್ಣ. ಮಿಕ್ಕವರು ಛತ್ರಿಯ ಮರೆಯಲ್ಲಿ ನಕ್ಕರು. ನಾನೂ ನಗಬಹುದಿತ್ತು. ನಗಲಿಲ್ಲ. ಮನೆಗೆ ಬಂದು ಸೀರೆ ಹಿಂಡಿ ಒಣಹಾಕಿ, ಮಗನನ್ನು ಕರೆದು ಒಂದು ಡಬ್ಬಿ ಡಾಂಬರು ತರಿಸಿದೆ.

ಎರಡನೆಯ ಸಲ ಯಾರೂ ನಗಲಿಲ್ಲ. ಡಾಂಬರಿಗೆ ಮಳೆಯ ಹಂಗಿಲ್ಲ. ಮೇಲಿನ ತುದಿಯಿಂದ ಪೇಟೆ ಬೀದಿಯ ನೀರಿನ ಜೊತೆಗೇ ನಡೆದೆವು. ಅದು ಹೋದಲ್ಲಿ ನಾವು. ಅದು ನಮ್ಮ ಮನೆಯ ಪಕ್ಕದ ಸಂದಿಗೆ ತಿರುಗಿದಾಗ ನನಗೆ ಸ್ವಲ್ಪ... ಆದರೆ ನಡೆದೆ. ಸಂದಿಯ ಕೊನೆಯಲ್ಲಿ ನಿಮ್ಮ ಗೋಡೆ. ಹಿಂದೆ ನೀರು ನಮ್ಮ ಬಯಲು ಹಿತ್ತಲು ದಾಟಿ ಹಳ್ಳಕ್ಕೆ ಇಳಿದು ಮಲಪ್ರಭೆಗೆ ಸೇರುತ್ತಿತ್ತಂತೆ. ಗೋಡೆ ಎದ್ದ ಮೇಲೆ ಅದಕ್ಕೆ ದಾರಿ ಎಲ್ಲಿದೆ? ಕಲ್ಲಿಗೆ ಬಡಿದು, ಮೊಣಕಾಲುದ್ದ ಏರಿ, ಎಡಕ್ಕೆ ಹೊರಳಿ, ನೇರ ಕುಂಬಾರ ಗಲ್ಲಿಗೆ ನುಗ್ಗುತ್ತಿತ್ತು. ಬೇಸಿಗೆಯಲ್ಲಿ ಅದು ಬರೀ ಗೋಡೆ. ಆಷಾಢದಲ್ಲಿ ಅದೊಂದು ಅಣೆಕಟ್ಟು. ಒಳಗೆ ನಮ್ಮ ಹಿತ್ತಲು ಒಣಗಿತ್ತು. ಒಳಗಿದ್ದವರಿಗೆ ಹೊರಗಿನದು ಹೇಗೆ ಕಾಣಬೇಕು?

ಗಲ್ಲಿಯ ಮೊದಲ ಮನೆಯ ಶಾಂತಾಬಾಯಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಮನೆಗೆ ಗಡಿಗೆ, ಹಣತೆ ಕೊಡುವ ಶಾಂತಾಬಾಯಿ. ಅವಳ ಹಿಂದೆ ಒಳಗೆ ಹಸಿ ಗಡಿಗೆಗಳು ಕೂತಲ್ಲೇ ಕರಗಿ ಮತ್ತೆ ಮಣ್ಣಾಗುತ್ತಿದ್ದವು. ಒಂದರ ಕಂಠ ಮಾತ್ರ ಉಳಿದು ಬಳೆಯಂತೆ ನೀರಲ್ಲಿ ಬಿದ್ದಿತ್ತು. ಅವಳು ಅಳಲಿಲ್ಲ, ನನ್ನನ್ನೇ ನೋಡಿ ಕೇಳಿದಳು: "ಖರೇ ಹೇಳ್ರಿ ಬಾಯಾರ, ನಿಮ್ಮ ಯಜಮಾನ್ರ ಕಮಾನಿನ ಕೆಳಗ ಈ ಗಡಿಗಿ ತಂದಿಡಾಕ ಜಾಗಾ ಐತೇನ್ರಿ?"

ನೇಮಣ್ಣ ನನ್ನ ಮಾನ ಉಳಿಸಲೆಂದೇ ಅಂದರು, "ವೈನಿ, ಮಳಿ ಜೋರಾತು. ಇಲ್ಲಿಗೆ ಬಿಡೂಣು. ಚಹಾ ಕುಡದು ಹೋಗೂಣು ನಡೀರಿ." ಒಳ್ಳೆಯ ಮನುಷ್ಯ ಅವರು, ನಿಮ್ಮ ಮೇಲಿನ ಪ್ರೀತಿಗೆ ಹಾಗೆ ಅಂದದ್ದು. ಆದರೆ ಊರೆಲ್ಲ ಗುರುತು ಹಾಕಿ ನನ್ನ ಗೋಡೆಯೊಂದನ್ನು ಬಿಟ್ಟರೆ ನಾಳೆ ಯಾವ ಮುಖ ಇಟ್ಟುಕೊಂಡು ಸಭೆಯಲ್ಲಿ ಕೂಡಲಿ? ಕುಂಚವನ್ನು ಡಬ್ಬಿಯಲ್ಲಿ ಅದ್ದಿ, ನೀವು ನೆಂಟರಿಗೆ ಮುಟ್ಟಿಸುತ್ತಿದ್ದ ಅದೇ ಕಲ್ಲಿನ ಮೇಲೆ, ಎಲ್ಲರೂ ನೋಡುತ್ತಿರುವಾಗ ಗುರುತು ಹಾಕಿದೆ. ಬೇರೆ ಕಡೆ ಹಾಕಿದ್ದಕ್ಕಿಂತ ದೊಡ್ಡದಾಗಿಯೇ ಹಾಕಿದೆ. "ಪಟ್ಟಿ ಇಲ್ಲಿಂದ ಸುರು ಮಾಡ್ರಿ," ಅಂದೆ.

ಬೆಳಗಾವಿಯ ವಡಗಾವಿಯಲ್ಲಿನ ನನ್ನ ತವರನ್ನು ನೀವು ಎಂದೂ ಸರಿಯಾಗಿ ನೋಡಲಿಲ್ಲ. ಓಣಿ ಸಣ್ಣದು, ಜೀಪು ಹೋಗುವುದಿಲ್ಲ ಎಂದು ತಿರುವಿನಲ್ಲೇ ನಿಲ್ಲುತ್ತಿದ್ದಿರಿ. ಅಪ್ಪನದು ಕುಳಿ ಮಗ್ಗ. ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಒಂದು ವರ್ಷ ಎದುರು ಮನೆಯವರು ಚಂದ ಕಾಣಲೆಂದು ಕಟ್ಟೆಯನ್ನು ಎತ್ತರಿಸಿದರು. ಆ ಮಳೆಗಾಲವೆಲ್ಲ ಅಪ್ಪ ನೀರು ತುಂಬಿದ ಕುಳಿಯ ಅಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಕೇಳಲು ಹೋದರೆ "ನಮ್ಮ ಕಟ್ಟಿ, ನಮ್ಮ ಜಾಗಾ" ಎಂದರಂತೆ. ಅಪ್ಪ ತಿರುಗಿ ಬಂದು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ನಾನು ಆಗ ಹೈಸ್ಕೂಲಿನ ಹುಡುಗಿ. ಮುಂದೆ ಒಂದು ದಿನ ಅದೇ ಮಾತನ್ನು ನನ್ನ ಮನೆಯ ಪರವಾಗಿ ನಾನು ಹೇಳಬೇಕಾಗಿತ್ತೇ? ನನ್ನಿಂದ ಆಗುತ್ತಿತ್ತೇ?

ಆ ಸಂಜೆ ಊಟಕ್ಕೆ ಕೂತಾಗ ದೊಡ್ಡ ಮಗ ತಟ್ಟೆಯಲ್ಲಿ ರೊಟ್ಟಿ ಮುರಿಯದೆ ಕೂತ. "ಅವ್ವಾ, ಅದು ಅಪ್ಪನ ಗೋಡಿ," ಅಂದ. "ಖರೇ, ಗೋಡಿ ನಿಮ್ಮಪ್ಪಂದು," ಅಂದೆ, "ಓಣ್ಯಾಗಿನ ನೀರು ಯಾರ ಅಪ್ಪಂದು?" ಸೊಸೆ ಸಾರು ಬಡಿಸುತ್ತಾ ತುಟಿ ಕಚ್ಚಿಕೊಂಡಳು. ಮಗ ರೊಟ್ಟಿ ಮುರಿದ. ನಿಮ್ಮದೇ ಹಟ ಅವನಿಗೆ, ಆದರೆ ಹಸಿವು ನನ್ನ ಕಡೆಯದು.

ದಸರೆಯ ಮುಂಚೆ ಮತ್ತೆ ಸಭೆ ಸೇರಿತು. ಈ ಸಲ ಕಾಗದ ಬರೆಯುವುದು ಕಷ್ಟವಾಗಲಿಲ್ಲ, ಡಾಂಬರಿನ ಗುರುತುಗಳೇ ಹೇಳುತ್ತಿದ್ದವು. ಕುಂಬಾರ ಗಲ್ಲಿಯ ಗಟಾರ ಮೊದಲು. ಅದರ ಜೊತೆಗೆ ನಳದ ಪೈಪು, ಏಕೆಂದರೆ ಒಮ್ಮೆ ಅಗೆದ ನೆಲವನ್ನು ಎರಡು ಸಲ ಯಾಕೆ ಅಗೆಯಬೇಕು? ಪೇಟೆ ಬೀದಿಯ ಡಾಂಬರು ಅದಾದ ಮೇಲೆ. ಅಂಗಡಿಯವರು ಗದ್ದಲ ಮಾಡಿದರು. "ಮೊದಲ ರಸ್ತಾ ಮಾಡಿ ಆಮ್ಯಾಲ ಪೈಪಿಗೆ ಅಗೀತೀರೇನು? ರವಿಕಿ ಹೊಲಸಿ ಆಮ್ಯಾಲ ಅಳತಿ ಕೊಡತೀರೇನು?" ಅಂದೆ. ಬಟ್ಟೆ ವ್ಯಾಪಾರಿ ನೇಮಣ್ಣನಿಗೆ ಅದು ಥಟ್ಟನೆ ತಿಳಿಯಿತು. ಮೇಜು ಕುಟ್ಟಿ ಹೌದೆಂದರು. ಸಂತೆ ಚಪ್ಪರ ನಂತರ, ದೀಪ ನಂತರ. ಕಮಾನಿನ ಸಾಲು ಬಂತು. ಕೊನೆಗಾದರೂ ಇರಲಿ ಎಂದು ಯಾರೋ ಅಂದರು. ನೇಮಣ್ಣ ಪೆನ್ನು ನನ್ನ ಮುಂದಿಟ್ಟರು. ಆ ಸಾಲನ್ನು ನಾನು ಕೊನೆಯಲ್ಲೂ ಇಡಲಿಲ್ಲ.

ಬೆಳಗಾವಿಗೆ ಕಾಗದ ಒಯ್ದವಳೂ ನಾನೇ, ಬೆಳಗಿನ ಗಾಡಿಗೆ, ಬುತ್ತಿ ಕಟ್ಟಿಕೊಂಡು. ನೇಮಣ್ಣ ಜೊತೆಗಿದ್ದರು. ಇಂಜಿನಿಯರ್ ಸಾಹೇಬರು ಪುಟ ತಿರುವಿ ನಡುವೆ ನಿಂತರು. "ಬಾಯಾರ, ಗಟಾರ ಈ ಗೋಡಿ ಒಡದು ಹೋಗಬೇಕ್ರಿ. ಗೋಡಿ ಮಾಲಕರು ತಕರಾರು ತೆಗೀತಾರ. ಇಂಥಾವು ವರ್ಷಾನುಗಟ್ಟಲೆ ನಿಲ್ತಾವು." ನಾನು ನಮ್ಮ ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟೆ. ಅವರು ಹೆಸರು ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು. ಆಮೇಲೆ ಕುರ್ಚಿ ತರಿಸಿದರು. ಅಲ್ಲಿಯವರೆಗೆ ನಾನು ನಿಂತೇ ಇದ್ದೆ. ನಿಂತಿದ್ದರ ಬಗ್ಗೆ ನನಗೆ ಬೇಸರವೂ ಇಲ್ಲ. ನೀವು ಆ ಕಚೇರಿಗೆ ಎಷ್ಟು ಸಲ ಹೋಗಿರಬಹುದು? ಅವರು ನಿಮ್ಮನ್ನು ಬಾಗಿಲ ತನಕ ಬಂದು ಕಳಿಸಿದ್ದರೇ? ನನ್ನನ್ನು ಕಳಿಸಿದರು.

ನೀವು ಕೇಳದ ಸುದ್ದಿ ಈಗ ಹೇಳುತ್ತೇನೆ. ಗಟಾರ ಆಗಿದೆ. ಅದರ ಎರಡೂ ಬದಿಗೆ ಹಾಸಿದ್ದು ನಿಮ್ಮ ಗೋಡೆಯ ಕರಿಕಲ್ಲು. ಅಷ್ಟು ಒಳ್ಳೆಯ ಕಲ್ಲನ್ನು ನಾನು ವ್ಯರ್ಥ ಮಾಡುತ್ತೇನೆಯೇ? ಕಟ್ಟಿದ್ದು ನಿಮ್ಮ ಅದೇ ಗೌಂಡಿ. ಈ ಆಷಾಢದಲ್ಲಿ ನಾನು ಛತ್ರಿ ಹಿಡಿದು ಮತ್ತೆ ಹೋಗಿ ನಿಂತೆ. ನೀರು ಪೇಟೆಯಿಂದ ಇಳಿದು ಬಂತು, ನಮ್ಮ ಹಿತ್ತಲಿನ ನಡುವೆ ಹಾದು, ತಲೆ ಎತ್ತದೆ ಹಳ್ಳಕ್ಕೆ ಹೋಯಿತು. ಶಾಂತಾಬಾಯಿಯ ಬಾಗಿಲಲ್ಲಿ ಹಾಕಿದ ರಂಗೋಲಿ ಅಳಿಸಿರಲಿಲ್ಲ. ಒಳಗಿನ ಗಡಿಗೆಯೊಂದನ್ನು ಬೆರಳಿನಿಂದ ಬಡಿದು ನೋಡಿ, "ಇದು ಸುಟ್ಟ ಮ್ಯಾಲ ನಿಮ್ಮ ಮನಿಗೇ ಬರ್ತೈತ್ರಿ, ಚೌಕಾಸಿ ಮಾಡಬ್ಯಾಡ್ರಿ ಮತ್ತ," ಎಂದಳು. ಮಾಡಿದೆ. ಅದು ಬೇರೆ ವಿಷಯ.

ಊರಲ್ಲಿ ನಿಮ್ಮ ಹೆಸರು ಉಳಿಯಬೇಕೆಂಬ ಆಸೆ ನಿಮಗಿತ್ತು. ಉಳಿದಿದೆ. ಯಾರೂ ಬರೆದಿಲ್ಲ, ಯಾರೂ ಠರಾವು ಮಾಡಿಲ್ಲ, ಕುಂಬಾರ ಗಲ್ಲಿಯವರು ತಾವಾಗಿಯೇ ಅದನ್ನು "ಅಧ್ಯಕ್ಷರ ಗಟಾರ" ಎನ್ನುತ್ತಾರೆ. ಮುಖ ಸಿಂಡರಿಸಬೇಡಿ. ಕಮಾನು ಕಟ್ಟಿದ್ದರೆ ಜನ ಅದರ ಕೆಳಗೆ ತಲೆ ಎತ್ತದೆ ಹಾದುಹೋಗುತ್ತಿದ್ದರು; ಇದನ್ನು ಪ್ರತಿ ಮಳೆಗೂ ನೆನೆಯುತ್ತಾರೆ.

ಗೋಡೆ ಒಡೆಯುವ ದಿನ ಗೌಂಡಿ ಹಾರೆ ಹಿಡಿದು ನಿಂತು ಕೈ ಹಿಂದೆ ತೆಗೆದ. ತಾನು ಕಟ್ಟಿದ್ದು, ಯಜಮಾನರು ಕಟ್ಟಿಸಿದ್ದು, ಮೊದಲ ಕಲ್ಲನ್ನು ತಾನು ಹೇಗೆ ಕೀಳಲಿ ಎಂದ. ಸೊಸೆಯಂದಿರು ಹಿತ್ತಲ ಬಾಗಿಲಲ್ಲಿದ್ದರು, ಗಲ್ಲಿಯವರೆಲ್ಲ ಆಚೆ ಬದಿಯಲ್ಲಿ ನಿಂತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಕೈಯಿಂದ ಹಾರೆ ತೆಗೆದುಕೊಂಡೆ. ಡಾಂಬರಿನ ಗುರುತಿದ್ದ ಕಲ್ಲನ್ನು ನಾನೇ ಕಿತ್ತೆ.