ಬೇಲಿಗೆ ಬಾಕಿಯಿದ್ದ ಎರಡು ಗೂಟ

ತಮ್ಮಾ ಒಬದಾಯ,

ಕೆಲಸ ಮಾಡಬಾರದ ಸಬ್ಬತ್ ದಿನ ಕೊಡತಿ ಎತ್ತಿದ್ದಕ್ಕೆ ಸಭೆ ನಿನ್ನನ್ನು ಕಾಡಿಗಟ್ಟಿತಲ್ಲ, ಅಂದಿನಿಂದ ನೀನು ಬದುಕಿದ್ದೀಯೋ ಇಲ್ಲವೋ ಯಾರಿಗೂ ತಿಳಿಯದು. ಆದರೂ ಬರೆಯುತ್ತಿದ್ದೇನೆ.

ಉತ್ತರದ ಚಳಿಗೆ ಹೆದರಿ ನಾವು ಇಂಗ್ಲಿಷರು ಬಂದಿಳಿದ ಈ ಗಯಾನಾದ ನದಿದಂಡೆಗೆ ಇವತ್ತು ಸ್ಪೇನಿನವರು ನುಗ್ಗಿದರು. ನಿನ್ನೆ ಶನಿವಾರ, ಊರ ಸುತ್ತಿನ ಬೇಲಿಗೆ ಎರಡು ಗೂಟ ಬಾಕಿಯಿರುವಾಗಲೇ ಹೊತ್ತು ಮುಳುಗಿ ಸಬ್ಬತ್ ಶುರುವಾಯಿತು. ಸಭೆಯ ಹಿರಿಯ ಥರ್ಲೋ ಕೆಲಸ ನಿಲ್ಲಿಸಿದರು.

"ಎರಡೇ ಗೂಟ, ಹೊಡೆದುಬಿಡೋಣ" ಅಂದೆ.

"ನಿನ್ ತಮ್ಮನೂ ಹಿಂಗೇ ಅಂದಿದ್ದ ಕಣಮ್ಮಾ. ಸೋಮವಾರ ನೋಡೋಣ, ಅಲ್ಲೀವರ್ಗೂ ದೇವ್ರು ಕಾಯ್ತಾನೆ."

ಬೆಳಿಗ್ಗೆ ಕೀರ್ತನೆ ಹಾಡುತ್ತಿದ್ದಾಗ ಗೂಟವಿಲ್ಲದ ಆ ಸಂದಿನಿಂದಲೇ ಸ್ಪೇನಿನವರು ಬಂದರು. ಹಾಡು ನಿಲ್ಲಿಸದ ಥರ್ಲೋರ ಕತ್ತನ್ನು ಸೀಳಿದರು. ಪಕ್ಕದಲ್ಲಿದ್ದ ಸೂಲಗಿತ್ತಿ ಡಾರ್ಕಸಳ ಹೊಟ್ಟೆಗೆ ಈಟಿ ಹಾಕಿ ತಿರುವಿದರು. ಅವಳು ನನ್ನ ಮೇಲೆ ಕುಸಿದಳು. ಅವಳ ಬಿಸಿ ರಕ್ತ ಬಾಯಿಗಿಳಿಯುತ್ತಿದ್ದರೂ ನಾನು ಹೆಣದಂತೆ ಬಿದ್ದಿದ್ದೆ. ಗಂಡಸರನ್ನೆಲ್ಲ ಕೊಚ್ಚಿ, ಮನೆಗಳಿಗೆ ಬೆಂಕಿಯಿಟ್ಟು ಹೋದರು.

ಎದ್ದು ಆ ಎರಡೂ ಗೂಟ ಹೊಡೆದೆ. ಹೊತ್ತಿನ್ನೂ ಮುಳುಗಿರಲಿಲ್ಲ. ಕೊಡತಿಯ ಸದ್ದು ನದಿಯಾಚೆಗೂ ಕೇಳಿಸಿರಬೇಕು. ಯಾರೂ ಬೇಡ ಅನ್ನಲಿಲ್ಲ.

ನಿನ್ನನ್ನು ಹೊರಗಟ್ಟಿದ ದಿನವೂ ಹೀಗೇ, ಯಾರೂ ಬೇಡ ಅನ್ನಲಿಲ್ಲ.

ನಿನ್ನ ಅಕ್ಕ